ಎತ್ತಿಗೆ ಜ್ವರ, ಎಮ್ಮೆಗೆ ಬರೆ



2020ರ ಅಕ್ಟೋಬರ್ 12, ಸೋಮವಾರ. ಆ ದಿನ ಬೆಳಗ್ಗೆ ಸುಮಾರು ಹತ್ತು ಗಂಟೆಗೆ ನೀವು ಎಲ್ಲಿದ್ದಿರಿ ಎಂದು ಒಮ್ಮೆ ನೆನಪಿಸಿಕೊಳ್ಳಿ. ನಾನು ಡೊಂಬಿವಲಿಯಿಂದ ಹೊರಟ ಲೋಕಲ್ ಗಾಡಿಯಲ್ಲಿದ್ದೆ. ಕೊರೊನಾ ಕಾಲ, ಅಗತ್ಯ ಸೇವೆಯವರಿಗೆ ಮಾತ್ರ ಪ್ರಯಾಣದ ಅನುಮತಿ. ನಮ್ಮ ಡಬ್ಬಿಯಲ್ಲಿದ್ದವರು ಬಹುಪಾಲು ದಾದಿಯರು, ಬ್ಯಾಂಕಿನವರು, ಪಾಲಿಕೆಯವರು. ಕಳವಾ ಇನ್ನೇನು ಬಂತು ಅನ್ನುವಾಗ ಫ್ಯಾನು ನಿಂತಿತು, ಆಮೇಲೆ ಗಾಡಿಯೂ ನಿಂತಿತು.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಹತ್ತನೆಯ ನಿಮಿಷಕ್ಕೆ ಡಬ್ಬಿಯಲ್ಲಿ ಇದ್ದವರೆಲ್ಲ ಇಂಜಿನಿಯರುಗಳಾದರು. ಒಬ್ಬರು “ಮೇಲಿನ ತಂತಿ ಕಡಿದಿದೆ” ಎಂದರು. ಇನ್ನೊಬ್ಬರು “ಮೋಟರ್‌ಮನ್ ಏನೋ ಎಡವಟ್ಟು ಮಾಡಿದ್ದಾನೆ” ಎಂದರು. ಕಿಟಕಿ ಪಕ್ಕದ ಅಕ್ಕ ಒಬ್ಬರು ಮಾಸ್ಕ್ ಸರಿಸಿ, “ಇದೆಲ್ಲ ಚೀನಾದವರ ಕೆಲಸ, ನೋಡ್ತಾ ಇರಿ” ಎಂದು ತೀರ್ಪು ಕೊಟ್ಟೇಬಿಟ್ಟರು. ನಾನೂ ಸುಮ್ಮನಿರಲಿಲ್ಲ. ಮೋಟರ್‌ಮನ್ ಪಕ್ಷಕ್ಕೇ ನನ್ನ ಮತ ಹಾಕಿದೆ. ಯಾಕೆಂದರೆ ನಮ್ಮ ಕಣ್ಣಿಗೆ ಹತ್ತಿರದಲ್ಲಿ ಸಿಗುವ ಮನುಷ್ಯ ಅವನೇ.

ಅದೇ ಹೊತ್ತಿಗೆ ಮುಂಬಯಿ, ಥಾಣೆ, ನವಿ ಮುಂಬಯಿ ಭಾಗಗಳಲ್ಲಿ ಎರಡು ಸಾವಿರ ಮೆಗಾವ್ಯಾಟಿಗೂ ಮಿಕ್ಕಿದ ವಿದ್ಯುತ್ ಒಮ್ಮೆಗೇ ಹೋಗಿತ್ತು. ಲೋಕಲ್‌ಗಳು ನಿಂತವು, ಸಿಗ್ನಲ್‌ಗಳು ಆರಿದವು, ಆಸ್ಪತ್ರೆಗಳು ಜನರೇಟರಿನ ಮೊರೆ ಹೋದವು. ನಮ್ಮ ಗಾಡಿ ಮತ್ತೆ ಅಲುಗಾಡಲು ಎರಡು ಗಂಟೆಗೂ ಮಿಕ್ಕಿ ಕಾಯಬೇಕಾಯಿತು. ಪಾಪದ ಆ ಮೋಟರ್‌ಮನ್ ಏನೂ ಮಾಡಿರಲಿಲ್ಲ. ಅವನೂ ನಮ್ಮ ಹಾಗೆ ಬೆವರು ಒರೆಸಿಕೊಳ್ಳುತ್ತಾ ಕುಳಿತಿದ್ದ.

ಕನ್ನಡದಲ್ಲಿ ಒಂದು ಗಾದೆ ಇದೆಯಲ್ಲ, “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು” ಅಂತ. ಇಂದಿನ ನನ್ನ ಮಾತು ಆ ಎಮ್ಮೆಯ ಪರವಾಗಿ. ಯಂತ್ರವೊಂದು ಕೆಟ್ಟಾಗ ನಿಜವಾಗಿ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಪತ್ತೆ ಹಚ್ಚುವ ತಂತ್ರಾಂಶಗಳು, ಅಂದರೆ ಸಾಫ್ಟ್‌ವೇರ್ ಸಾಧನಗಳು, ಈಗ ನಮ್ಮ ಸುತ್ತಮುತ್ತ ಎಲ್ಲೆಲ್ಲೂ ಇವೆ. ಅವು ಏನು ಮಾಡುತ್ತವೆ, ಏನು ಮಾಡಲಾರವು, ಮತ್ತು ಅವುಗಳ ಮುಂದೆ ಕುಳಿತ ಮನುಷ್ಯ ಏನು ಮಾಡಬೇಕು? ಇಷ್ಟೇ ವಿಷಯ. ನಾನು ಕನ್ನಡ ಬಿ.ಎ. ಓದಿದವಳು, ಇಂಜಿನಿಯರ್ ಅಲ್ಲ. ಅದಕ್ಕೇ ನನಗೆ ಅರ್ಥವಾದ ಮಟ್ಟಿಗೆ, ಅರ್ಥವಾದ ಭಾಷೆಯಲ್ಲಿ ಹೇಳುತ್ತೇನೆ.

ಮೊದಲು ಅಂದು ಏನಾಯಿತು ನೋಡೋಣ. ಮುಂಬಯಿಗೆ ಹೊರಗಿನ ವಿದ್ಯುತ್ತು ಬರುವ ಹೆಬ್ಬಾಗಿಲುಗಳು ನಮ್ಮ ಕಡೆಯಲ್ಲೇ ಇವೆ: ಭಿವಂಡಿ ಆಚೆಯ ಪಡಘಾ, ಥಾಣೆ-ಬೇಲಾಪುರ ರಸ್ತೆಯ ಕಳವಾ, ನವಿ ಮುಂಬಯಿಯ ಖಾರ್ಘರ್. ಇವನ್ನು ಜೋಡಿಸುವ ತಂತಿಗಳಲ್ಲಿ ಹರಿಯುವುದು 400 ಕಿಲೋವೋಲ್ಟ್, ಅಂದರೆ ನಾಲ್ಕು ಲಕ್ಷ ವೋಲ್ಟ್. ನಮ್ಮ ಮನೆಯ ಸ್ವಿಚ್ಚಿನಲ್ಲಿರುವುದು 230. ಪುಣೆಯ ಕಡೆಯಿಂದ ಖಾರ್ಘರ್‌ಗೆ ಬರುವ ಮಾರ್ಗ ಅಂದು ನಸುಕಿನಲ್ಲೇ ಕೈಕೊಟ್ಟಿತ್ತು. ರಾಜ್ಯದ ಅಂದಿನ ಇಂಧನ ಸಚಿವ ನಿತಿನ್ ರಾವುತ್ ಅದೇ ದಿನ ತಿಳಿಸಿದಂತೆ, ಕಳವಾ-ಪಡಘಾ ನಡುವಿನ ಒಂದನೆಯ ಸರ್ಕ್ಯೂಟಿನಲ್ಲಿ ರಿಪೇರಿ ನಡೆದಿತ್ತು. ಹೊರೆಯೆಲ್ಲ ಎರಡನೆಯದರ ಮೇಲಿತ್ತು. ಆ ಎರಡನೆಯದರಲ್ಲಿ ತಾಂತ್ರಿಕ ದೋಷ ಕಾಣಿಸಿಕೊಂಡಿತು. ಇಂಥ ಗಂಡಾಂತರದಲ್ಲಿ ಮುಂಬಯಿ ನಗರವನ್ನು ಹೊರಗಿನ ಜಾಲದಿಂದ ಬೇರ್ಪಡಿಸಿ, ತನ್ನದೇ ಸ್ಥಾವರಗಳಿಂದ ಉಳಿಸಿಕೊಳ್ಳುವ ‘ದ್ವೀಪ’ ವ್ಯವಸ್ಥೆಯೊಂದು ದಶಕಗಳಿಂದ ಇತ್ತು. ಅಂದು ಅದೂ ನಗರವನ್ನು ಕತ್ತಲೆಯಿಂದ ಕಾಪಾಡಲಿಲ್ಲ.

ಈಗ ಒಂದು ಪ್ರಶ್ನೆ. ಇಷ್ಟೆಲ್ಲ ಆಗುವಾಗ ಕೊನೆಯ ಕುಸಿತಕ್ಕೆ ಹಿಡಿಯುವುದು ಕೆಲವೇ ಕ್ಷಣ. ಯಾವುದು ಮೊದಲು ಹೋಯಿತು, ಯಾವುದು ಆಮೇಲೆ ಎಂದು ಯಾರು ನೋಡಿದವರು?

ನೋಡಿದ್ದು ಮನುಷ್ಯರಲ್ಲ. ಸಬ್‌ಸ್ಟೇಷನ್ನಿನಲ್ಲಿ ರಿಲೇ ಎಂಬ ಕಾವಲುಗಾರರಿರುತ್ತಾರೆ. ತಂತಿಯಲ್ಲಿ ತಪ್ಪು ಕಂಡರೆ ಅವರು ಬ್ರೇಕರಿಗೆ ‘ಕಡಿ’ ಎಂದು ಅಪ್ಪಣೆ ಕೊಡುತ್ತಾರೆ. ಅವರ ಪಕ್ಕದಲ್ಲೇ ಡಿಸ್ಟರ್ಬೆನ್ಸ್ ರೆಕಾರ್ಡರ್ ಎಂಬ ಲೇಖಕ ಕುಳಿತಿರುತ್ತಾನೆ. ದೋಷಕ್ಕೆ ಸ್ವಲ್ಪ ಮೊದಲಿನಿಂದ ಸ್ವಲ್ಪ ನಂತರದವರೆಗೆ ವಿದ್ಯುತ್ತಿನ ಅಲೆ ಹೇಗಿತ್ತು ಎಂಬುದನ್ನು ಅವನು ಚಿತ್ರವಾಗಿ ಬರೆದಿಡುತ್ತಾನೆ. ಇನ್ನೊಬ್ಬ ಇವೆಂಟ್ ಲಾಗರ್. ಯಾವ ಬ್ರೇಕರ್ ಯಾವ ಮಿಲಿಸೆಕೆಂಡಿಗೆ ತೆರೆಯಿತು ಎಂಬುದು ಅವನ ದಿನಚರಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಅಲೆ. ಒಂದು ಅಲೆಗೆ 20 ಮಿಲಿಸೆಕೆಂಡು. ಹಾಗಾಗಿ ಇಲ್ಲಿ ಗಡಿಯಾರಗಳು ಒಂದಕ್ಕೊಂದು ಹೊಂದಿಕೊಂಡಿರಲೇಬೇಕು. ಪಡಘಾದ ಗಡಿಯಾರ ಕಳವಾದ ಗಡಿಯಾರಕ್ಕಿಂತ ಅರ್ಧ ಸೆಕೆಂಡು ಮುಂದಿದ್ದರೂ ಸಾಕು, ಮೊದಲು ಬಿದ್ದವನು ಆಮೇಲೆ ಬಿದ್ದಂತೆ ಕಾಣುತ್ತದೆ, ಎತ್ತು ಎಮ್ಮೆಯಾಗುತ್ತದೆ. ಅದಕ್ಕೇ ಉಪಗ್ರಹದ ಜಿ.ಪಿ.ಎಸ್. ಸಮಯಕ್ಕೆ ಎಲ್ಲವನ್ನೂ ಕಟ್ಟಿಹಾಕುತ್ತಾರೆ.

ಇದು ಘಟನೆಯ ನಂತರದ ಪತ್ತೆ. ಘಟನೆ ನಡೆಯುತ್ತಿರುವಾಗಲೇ ಪತ್ತೆ ಹಚ್ಚುವುದು ಇನ್ನೊಂದು ಬಗೆ. ಐರೋಲಿಯಲ್ಲಿ ಮಹಾರಾಷ್ಟ್ರದ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಸ್ಕಾಡಾ ಎಂಬ ವ್ಯವಸ್ಥೆ ಕೆಲವು ಸೆಕೆಂಡಿಗೊಮ್ಮೆ ದೂರದ ಸಬ್‌ಸ್ಟೇಷನ್ನುಗಳ ನಾಡಿ ಹಿಡಿದು ಪರದೆಯ ಮೇಲೆ ತೋರಿಸುತ್ತದೆ. ಆದರೆ ಕೆಲವು ಸೆಕೆಂಡೂ ಕೆಲವೊಮ್ಮೆ ತಡವೇ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಿಂದ ಈಶಾನ್ಯದವರೆಗೆ ಜಾಲ ಕುಸಿದು, ಎರಡನೆಯ ದಿನ ಸುಮಾರು 60 ಕೋಟಿ ಜನ ಕತ್ತಲಲ್ಲಿ ಕುಳಿತರಲ್ಲ, ಅದಾದ ಮೇಲೆ ದೇಶದಾದ್ಯಂತ ಫೇಸರ್ ಮಾಪಕಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಅಳವಡಿಸಿದರು. ಇವು ಸೆಕೆಂಡಿಗೆ 25 ಸಲ ಅಳತೆ ಕಳಿಸುತ್ತವೆ. ಸ್ಕಾಡಾ ಫೋಟೋ ಆದರೆ, ಇದು ಸಿನಿಮಾ.

ಕೇಳುಗರೇ, ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಹಳೆಯದೊಂದು ಶಬ್ದವಿದೆ. ವೈದ್ಯರು ರೋಗದ ಮೂಲ ಹುಡುಕುವುದಕ್ಕೆ ‘ನಿದಾನ’ ಎನ್ನುತ್ತೇವೆ. ಅಲ್ಪಪ್ರಾಣದ ‘ದ’. ಅದೇ ‘ದ’ಕ್ಕೆ ಹೊಟ್ಟೆ ಸೀಳಿ ಮಹಾಪ್ರಾಣ ಮಾಡಿದರೆ ‘ನಿಧಾನ’, ಅಂದರೆ ಸಾವಕಾಶ. ಯಂತ್ರಕ್ಕೆ ಈಗ ವೇಗದ ನಿದಾನ ಬಂದಿದೆ. ಮನುಷ್ಯನಿಗೆ ಮಾತ್ರ ನಿಧಾನವಿಲ್ಲದೆ ನಿದಾನವಿಲ್ಲ.

ಇದನ್ನು ಕಾರಿನ ಗ್ಯಾರೇಜಿಗೆ ಹೋದವರು ಬಲ್ಲಿರಿ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿತು. ಕಲ್ಯಾಣದ ಮೆಕ್ಯಾನಿಕ್ ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದ. ‘ಪಿ 0171’ ಎಂಬ ಕೋಡ್ ಬಂತು. ಇಂಧನ-ಗಾಳಿಯ ಮಿಶ್ರಣದಲ್ಲಿ ಇಂಧನ ಕಡಿಮೆ, ಗಾಳಿ ಹೆಚ್ಚು ಎಂದು ಅದರ ಅರ್ಥ. ಅವಸರದ ಮೆಕ್ಯಾನಿಕ್ ಆದರೆ ‘ಆಕ್ಸಿಜನ್ ಸೆನ್ಸರ್ ಹೋಗಿದೆ’ ಎಂದು ಹೊಸದು ಹಾಕಿ ಬಿಲ್ ಬರೆಯುತ್ತಾನೆ. ಆದರೆ ಸೆನ್ಸರ್ ಹೇಳಿದ್ದು ‘ಗಾಳಿ ಹೆಚ್ಚು’ ಎಂದು ಮಾತ್ರ. ‘ನಾನು ಕೆಟ್ಟಿದ್ದೇನೆ’ ಎಂದಲ್ಲ. ಎಲ್ಲೋ ಒಂದು ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ನುಗ್ಗುತ್ತಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು. ಸುದ್ದಿ ತಂದವನನ್ನೇ ಬದಲಿಸಿದರೆ ಸುದ್ದಿ ಬದಲಾಗುವುದಿಲ್ಲ. ಕೋಡ್ ಎಂಬುದು ರೋಗದ ಲಕ್ಷಣ, ರೋಗದ ಕಾರಣವಲ್ಲ. ಸಾಧನ ಹುಡುಕಾಟದ ಬಾಗಿಲು ತೋರಿಸುತ್ತದೆ, ಒಳಗೆ ಹೋಗಬೇಕಾದವರು ನಾವು.

ಇನ್ನು ಸಾಧನವೇ ಮಲಗಿಬಿಟ್ಟರೆ? 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಹೀಗೇ ಆಯಿತು. ಅಲ್ಲಿನ ಒಂದು ವಿದ್ಯುತ್ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸುವ ತಂತ್ರಾಂಶ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಸದ್ದಿಲ್ಲದೆ ನಿಂತುಹೋಯಿತು. ಅದು ನಿಂತಿದೆ ಎಂದು ಹೇಳುವ ಗಂಟೆಯೂ ಇರಲಿಲ್ಲ. ಪರದೆ ಶಾಂತವಾಗಿತ್ತು, ಕುಳಿತವರೂ ಶಾಂತವಾಗಿದ್ದರು. ಹೊರಗೆ ಬಿಸಿಯಿಂದ ಜೋತುಬಿದ್ದ ತಂತಿಗಳು ಮರಗಳಿಗೆ ತಗಲಿ ಒಂದೊಂದಾಗಿ ಹೋಗುತ್ತಿದ್ದವು. ನಾಲ್ಕು ಗಂಟೆ ದಾಟುವಷ್ಟರಲ್ಲಿ ಅಮೆರಿಕ-ಕೆನಡಾದ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ತಿಲ್ಲ. ಆ ತಂತ್ರಾಂಶದ ಒಳಗಿದ್ದ ತಪ್ಪನ್ನು ಪತ್ತೆ ಮಾಡಲು ಆಮೇಲೆ ವಾರಗಟ್ಟಲೆ ಹಿಡಿಯಿತು. ಗಂಟೆ ಬಾರಿಸಲಿಲ್ಲ ಎಂದ ಮಾತ್ರಕ್ಕೆ ಬೆಂಕಿ ಇಲ್ಲ ಎಂದಲ್ಲ. ಇದೂ ನೆನಪಿರಲಿ.

ಆದರೂ ಈ ಯಂತ್ರದ ದಿನಚರಿಗಳು ಬಡಪಾಯಿ ಮನುಷ್ಯನ ಮಾನ ಉಳಿಸಿದ ಉದಾಹರಣೆಯೂ ಇದೆ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತಿದ್ದ ಸರಕು ಗಾಡಿಗೆ ಬಡಿದು 290ಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದು ರಾತ್ರಿಯೇ ಜನರ ಬಾಯಲ್ಲಿ ಚಾಲಕ ಅಪರಾಧಿಯಾಗಿದ್ದ. ಆದರೆ ರೈಲ್ವೆ ಸಿಗ್ನಲ್ ಕೋಣೆಗಳಲ್ಲಿ ಡೇಟಾ ಲಾಗರ್ ಎಂಬ ಪೆಟ್ಟಿಗೆ ಇರುತ್ತದೆ. ಯಾವ ರಿಲೇ ಯಾವ ಕ್ಷಣಕ್ಕೆ ಎತ್ತಿತು, ಯಾವುದು ಇಳಿಯಿತು ಎಲ್ಲವೂ ಅದರಲ್ಲಿ ದಾಖಲು. ಚಾಲಕನಿಗೆ ಹಸಿರು ಸಿಗ್ನಲ್ ಇತ್ತು, ಹಳಿ ಮಾತ್ರ ಪಕ್ಕದ ಲೂಪಿಗೆ ತಿರುಗಿತ್ತು ಎಂದು ತಿಳಿದುಬಂತು. ರೈಲ್ವೆ ಸುರಕ್ಷಾ ಆಯುಕ್ತರ ತನಿಖೆ ಸಿಗ್ನಲ್ ವೈರಿಂಗಿನಲ್ಲಿ ಹಿಂದೆ ಆಗಿದ್ದ ಬದಲಾವಣೆಯ ಲೋಪ ಮತ್ತು ಅಂದಿನ ಗೇಟಿನ ಕೆಲಸದ ಲೋಪ, ಎರಡನ್ನೂ ಎತ್ತಿ ತೋರಿಸಿತು. ಹೋದ ಜೀವ ಬರಲಿಲ್ಲ. ಆದರೆ ತಪ್ಪು ಮಾಡದವನ ತಲೆಯ ಮೇಲಿನ ಕಲ್ಲು ಇಳಿಯಿತು.

ಈಗ ನನ್ನ ಸ್ವಂತ ಕಥೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಕೆಲ ವರ್ಷಗಳ ಹಿಂದೆ ಒಂದು ನೇರ ಫೋನ್-ಇನ್ ಕಾರ್ಯಕ್ರಮ. ನವಿ ಮುಂಬಯಿಯಿಂದ ಹಿರಿಯರೊಬ್ಬರು ತಮ್ಮ ಊರಿನ ಜಾತ್ರೆಯ ನೆನಪು ಹೇಳುತ್ತಿದ್ದರು. ನಾನು ಏನೋ ಕೇಳಿದೆ. ಅವರು “ಹಲೋ, ಹಲೋ” ಅನ್ನುತ್ತಾರೆ, ನನ್ನ ದನಿ ಅವರಿಗೆ ಹೋಗುತ್ತಿಲ್ಲ, ಕೇಳುಗರಿಗೂ ಇಲ್ಲ. ನಲವತ್ತು ಸೆಕೆಂಡು. ಮನೆಯಲ್ಲಿ ನಲವತ್ತು ಸೆಕೆಂಡು ಏನೂ ಅಲ್ಲ. ರೇಡಿಯೋದಲ್ಲಿ ಅದು ಒಂದು ಯುಗ.

ಕಾರ್ಯಕ್ರಮ ಮುಗಿದ ಕೂಡಲೇ ಕಂಟ್ರೋಲ್ ರೂಮಿಗೆ ನುಗ್ಗಿದೆ. ಅಲ್ಲಿದ್ದವನು ವಿಜಯಪುರದ ಕಡೆಯ ಹುಡುಗ, ಗುತ್ತಿಗೆಯ ಮೇಲೆ ಕೆಲಸಕ್ಕೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಎಲ್ಲರ ಎದುರೇ ಬೈದೆ. “ಮೇಡಂ, ನಂದೇನೂ ತಪ್ಪಿಲ್ರೀ, ನಾ ಏನೂ ಮುಟ್ಟಿಲ್ರೀ” ಎಂದ. “ಮುಟ್ಟದೆ ತಾನಾಗಿ ಹೋಯಿತಾ?” ಎಂದೆ. ಸಂಜೆಯೊಳಗೆ ಅವನಿಗೆ ಎಚ್ಚರಿಕೆ ಪತ್ರ ತಯಾರಾಗುತ್ತಿದೆ ಎಂದು ಗೊತ್ತಾಯಿತು. ಗುತ್ತಿಗೆಯವರಿಗೆ ಅಂಥ ಪತ್ರ ಎಂದರೆ ಮುಂದಿನ ಗುತ್ತಿಗೆ ಇಲ್ಲ ಎಂದೇ ಅರ್ಥ.

ನಮ್ಮ ಹಿರಿಯ ಇಂಜಿನಿಯರೊಬ್ಬರು ಕಡಿಮೆ ಮಾತಿನ ಮನುಷ್ಯ. ಪತ್ರಕ್ಕೆ ಸಹಿ ಹಾಕುವ ಮೊದಲು, “ಒಂದು ಸಲ ಲಾಗ್ ನೋಡೋಣ” ಎಂದರು. ಡಿಜಿಟಲ್ ಕನ್ಸೋಲು ತನ್ನ ಪ್ರತಿ ಗುಂಡಿಯ ಕಥೆ ಬರೆದಿಡುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ಸಾಲು ಬಂತು. ಮೈಕ್ ಬಂದ್ ಆದ ಗಂಟೆ, ನಿಮಿಷ, ಸೆಕೆಂಡು. ಪಕ್ಕದಲ್ಲಿ ಜಾಗ: ಸ್ಟುಡಿಯೋದ ಮೇಜು. ಕಂಟ್ರೋಲ್ ರೂಮ್ ಅಲ್ಲ. ಅಂದರೆ ನಾನು. ಹಿರಿಯರ ಮುಂದಿನ ಪ್ರಶ್ನೆಗೆ ಕಡತ ಎಳೆದುಕೊಳ್ಳುವಾಗ ಅದರ ಮೂಲೆ ಗುಂಡಿಯ ಮೇಲೆ ಕುಳಿತಿತ್ತು.

ನಾನು ಏನು ಮಾಡಬೇಕಿತ್ತು? ಸುಮ್ಮನಿದ್ದಿದ್ದರೂ ಆ ಪತ್ರ ನಿಲ್ಲುತ್ತಿತ್ತು. ಆದರೆ ಬೈದದ್ದು ಎಲ್ಲರೆದುರು; ತಪ್ಪೊಪ್ಪಿಗೆಯೂ ಎಲ್ಲರೆದುರೇ ಆಗಬೇಕಲ್ಲ. ಡ್ಯೂಟಿ ರೂಮಿನ ಲಾಗ್ ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆದೆ: ‘ಉದ್ಘೋಷಕಿಯ ಕಡತ ತಗಲಿ ಮೈಕ್ ಬಂದ್.’ ಆ ಹುಡುಗನಿಗೆ “ತಪ್ಪಾಯ್ತಪ್ಪಾ” ಎಂದೆ. “ಹೋಗ್ಲಿ ಬಿಡ್ರೀ ಮೇಡಂ” ಎಂದ. ಅವನು ಅಷ್ಟು ಸುಲಭವಾಗಿ ಬಿಟ್ಟದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆದರೆ ನಮ್ಮ ಇಂಜಿನಿಯರು ಅಲ್ಲಿಗೆ ಬಿಡಲಿಲ್ಲ. ‘ಮೇಡಂ ತಪ್ಪು’ ಎಂದು ಬರೆದು ಮುಗಿಸಿದ್ದರೆ ಬರೆ ಎಮ್ಮೆಯಿಂದ ಎತ್ತಿಗೆ ಬಂದಿತ್ತು ಅಷ್ಟೇ. ಜ್ವರ ಹಾಗೇ ಇರುತ್ತಿತ್ತು. ಅವರು ಕೇಳುತ್ತಾ ಹೋದರು. ಕಡತ ಯಾಕೆ ತಗಲಿತು? ಗುಂಡಿಯ ಪಕ್ಕವೇ ಕಡತ ಇಡುವ ಜಾಗ. ಅಲ್ಲೇ ಯಾಕೆ ಇಡುತ್ತಾರೆ? ಬೇರೆ ಕಡೆ ಫೋನು, ಕಂಪ್ಯೂಟರು ತುಂಬಿವೆ. ನಲವತ್ತು ಸೆಕೆಂಡು ಯಾಕೆ ಗೊತ್ತಾಗಲಿಲ್ಲ? ಮೈಕ್ ಬಂದ್ ಆದರೂ ಕಿವಿಯ ಹೆಡ್‌ಫೋನಿನಲ್ಲಿ ಫೋನಿನ ದನಿ ಬರುತ್ತಲೇ ಇತ್ತು. ಎಲ್ಲ ಸರಿ ಇದೆ ಎಂದೇ ನನ್ನ ಭಾವನೆ. ಮರುದಿನ ಗುಂಡಿಯ ಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಬಂತು. ಕಡತಕ್ಕೆ ಬಲಗಡೆ ಒಂದು ಹಲಗೆ ಬಂತು. ಆಮೇಲೆ ಯಾರ ಕಡತವೂ ಆ ಗುಂಡಿಗೆ ತಗಲಿಲ್ಲ.

ಇಂಜಿನಿಯರುಗಳು ಇದನ್ನೇ ಕಾಗದದ ಮೇಲೆ, ಈಗ ಕಂಪ್ಯೂಟರಿನ ಮೇಲೆ, ಮರದ ಹಾಗೆ ಬರೆಯುತ್ತಾರೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಕ್ಷಿಪಣಿಗಳ ಸುರಕ್ಷತೆಗಾಗಿ ಹುಟ್ಟಿದ ಪದ್ಧತಿ ಇದು. ‘ದೋಷ ವೃಕ್ಷ’ ಎನ್ನೋಣ. ತುದಿಯಲ್ಲಿ ಅನಾಹುತ, ಕೆಳಗೆ ಅದರ ಕಾರಣಗಳು, ಅವುಗಳ ಕೆಳಗೆ ಕಾರಣಗಳ ಕಾರಣಗಳು. ಕೊಂಬೆಗಳು ಕೂಡುವಲ್ಲಿ ಎರಡೇ ಶಬ್ದ: ‘ಮತ್ತು’ ಅಥವಾ ‘ಅಥವಾ’. ವ್ಯಾಕರಣದಲ್ಲಿ ನಾವು ಅವ್ಯಯ ಎಂದು ಓದಿ ಬಿಟ್ಟ ಈ ಎರಡು ಶಬ್ದಗಳಲ್ಲಿ ಎಂಥ ವ್ಯತ್ಯಾಸ ನೋಡಿ! 2020ರ ಅಕ್ಟೋಬರಿನಲ್ಲಿ ಒಂದು ಮಾರ್ಗ ನಸುಕಿನಲ್ಲೇ ಹೋಗಿತ್ತು, ಮತ್ತು ಇನ್ನೊಂದು ರಿಪೇರಿಯಲ್ಲಿತ್ತು, ಮತ್ತು ಉಳಿದದ್ದು ದೋಷಕ್ಕೆ ಸಿಕ್ಕಿತು, ಮತ್ತು ದ್ವೀಪ ನಿಲ್ಲಲಿಲ್ಲ. ಎಲ್ಲವೂ ‘ಮತ್ತು’. ಯಾವುದಾದರೂ ಒಂದು ‘ಮತ್ತು’ ಕಡಿದಿದ್ದರೂ ಕಥೆ ಬೇರೆಯಾಗುತ್ತಿತ್ತು.

ಇಂಥ ಮರ ಬರೆಯುವ ಮೊದಲೇ ತೀರ್ಪು ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಮುಂದಿನ ವರ್ಷ, 2021ರ ಫೆಬ್ರವರಿ ಕೊನೆಯಲ್ಲಿ, ಅಮೆರಿಕದ ಪತ್ರಿಕೆಯೊಂದರ ವರದಿಯಿಂದ ಮುಂಬಯಿ ಕತ್ತಲೆಯ ಹಿಂದೆ ಸೈಬರ್ ದಾಳಿ ಇರಬಹುದೇ ಎಂಬ ಚರ್ಚೆ ಎದ್ದಿತು. ರಾಜ್ಯದ ಅಂದಿನ ಗೃಹ ಸಚಿವರೂ ಸಂಶಯ ವ್ಯಕ್ತಪಡಿಸಿದರು. ಕೇಂದ್ರ ಇಂಧನ ಸಚಿವ ಆರ್.ಕೆ. ಸಿಂಗ್, ಕಾರಣ ಮಾನವ ದೋಷ, ಸೈಬರ್ ದಾಳಿಯಲ್ಲ ಎಂದರು. ನಮ್ಮ ಡಬ್ಬಿಯ ಅಕ್ಕ ಗೆದ್ದರೋ ಸೋತರೋ ಎಂಬುದು ಇಲ್ಲಿ ಮುಖ್ಯವಲ್ಲ. ‘ಚೀನಾ’ ಎಂದು ಕೈ ತೊಳೆದುಕೊಳ್ಳುವುದು ಎಷ್ಟು ಸುಲಭವೋ, ‘ಮಾನವ ದೋಷ’ ಎಂದು ಕಡತ ಮುಚ್ಚುವುದೂ ಅಷ್ಟೇ ಸುಲಭ. ಮಾನವ ದೋಷ ಎಂಬುದು ಉತ್ತರವಲ್ಲ, ಮುಂದಿನ ಪ್ರಶ್ನೆ. ಆ ಮಾನವನ ಗುಂಡಿಯ ಪಕ್ಕ ಯಾರು ಕಡತ ಇಟ್ಟರು? ನಿಜವಾದ ಪರಿಹಾರ ಆ ಪ್ರಶ್ನೆಯಿಂದಲೇ ಬರುವುದು. 2023ರಲ್ಲಿ ಖಾರ್ಘರ್‌ನಿಂದ ವಿಕ್ರೋಲಿಗೆ ಹೊಸ 400 ಕಿಲೋವೋಲ್ಟ್ ಮಾರ್ಗ ಶುರುವಾಯಿತು. ಮುಂಬಯಿಗೆ ಹೊರಗಿನಿಂದ ಸುಮಾರು ಒಂದು ಸಾವಿರ ಮೆಗಾವ್ಯಾಟ್ ಹೆಚ್ಚುವರಿ ತರಬಲ್ಲ ಇನ್ನೊಂದು ಬಾಗಿಲು ಅದು.

ಕೇಳುಗರೇ, ನಿಮ್ಮ ಕೈಯಲ್ಲಿ ಸ್ಕಾಡಾ ಇಲ್ಲ, ಫೇಸರ್ ಮಾಪಕ ಇಲ್ಲ. ಆದರೆ ನಿಮ್ಮ ಸೊಸೈಟಿಯಲ್ಲಿ ಲಿಫ್ಟ್ ಇದೆ. ಅದು ನಿಂತಾಗಲೆಲ್ಲ ವಾಚ್‌ಮನ್ನಿಗೆ ಬೈಯುವವರು ಡೊಂಬಿವಲಿಯಲ್ಲೂ ಇದ್ದಾರೆ, ಥಾಣೆಯಲ್ಲೂ ಇದ್ದಾರೆ. ಈಗಿನ ಲಿಫ್ಟುಗಳ ಕಂಟ್ರೋಲರು ದೋಷದ ಕೋಡನ್ನು ನೆನಪಿಟ್ಟುಕೊಳ್ಳುತ್ತದೆ. ಮೆಕ್ಯಾನಿಕ್ ಬಂದು ಬಂದ್ ಮಾಡಿ ಚಾಲೂ ಮಾಡುವ ಮೊದಲು ಆ ಕೋಡ್ ಯಾವುದು ಎಂದು ಕೇಳಿ, ತಾರೀಖು ಹಾಕಿ ಪುಸ್ತಕದಲ್ಲಿ ಬರೆಸಿ. ಮೂರು ತಿಂಗಳಲ್ಲಿ ಒಂದೇ ಕೋಡ್ ಐದು ಸಲ ಬಂದಿದ್ದರೆ ಜ್ವರ ಎಲ್ಲಿದೆ ಎಂದು ಪುಸ್ತಕವೇ ಹೇಳುತ್ತದೆ.

ಹೊಟೇಲು ನಡೆಸುವ ನಮ್ಮವರು ಬಹಳ ಜನ ಈ ಕಾರ್ಯಕ್ರಮ ಕೇಳುತ್ತೀರಿ. ಮಧ್ಯಾಹ್ನ ಫ್ರೀಜರ್ ಟ್ರಿಪ್ ಆದರೆ ಹುಡುಗನಿಗೆ ಬೈಯುವ ಮೊದಲು ಅದರ ಹಿಂದೆ ಇಣುಕಿ. ಹಿಟ್ಟಿನ ಧೂಳು, ಎಣ್ಣೆ ಜಿಡ್ಡು ಕುಳಿತು ಜಾಲರಿ ಕಟ್ಟಿದ್ದರೆ ಬಿಸಿ ಹೊರಗೆ ಹೋಗದೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಹಾಗಾದರೆ ಫ್ರೀಜರನ್ನು ಹಿಟ್ಟಿನ ಮೂಟೆಯ ಪಕ್ಕಕ್ಕೆ ಸರಿಸಿದವರು ಯಾರು? ಬಹುಶಃ ಮಾಲೀಕರೇ!

ಮನೆಯಲ್ಲಿ ವಾಷಿಂಗ್ ಮೆಷಿನ್ ನಿಂತರೆ ಪ್ಲಗ್ ಕೀಳುವ ಮೊದಲು ಪರದೆಯ ಮೇಲಿನ ಅಕ್ಷರದ ಫೋಟೋ ತೆಗೆದುಕೊಳ್ಳಿ. ಕೆಡುವ ಮುನ್ನ ಕೊನೆಯದಾಗಿ ಏನು ಬದಲಾಗಿತ್ತು ಎಂದು ಯೋಚಿಸಿ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ದೇವರಿಗೇ ಗೊತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿರದಲ್ಲಿ ನಿಂತಿರುವ ಮನುಷ್ಯನನ್ನು ಮೊದಲು ಹಿಡಿಯಬೇಡಿ. ಅವನು ಮೋಟರ್‌ಮನ್ ಆಗಿರಬಹುದು, ವಾಚ್‌ಮನ್ ಆಗಿರಬಹುದು, ಆರು ತಿಂಗಳ ಗುತ್ತಿಗೆಯ ಹುಡುಗನಾಗಿರಬಹುದು. ಯಂತ್ರ ಕೆಟ್ಟರೆ ರಿಪೇರಿ ಆಗುತ್ತದೆ. ಸುಳ್ಳು ಆರೋಪ ಹೊತ್ತವನ ಮನಸ್ಸು ರಿಪೇರಿ ಮಾಡಲು ಯಾವ ತಂತ್ರಾಂಶವೂ ಬಂದಿಲ್ಲ. ಲಾಗ್ ನೋಡಿ, ಆಮೇಲೆ ಮಾತಾಡಿ. ಇದು ನಾನು ನಲವತ್ತು ಸೆಕೆಂಡಿನ ಮೌನದಿಂದ ಕಲಿತ ಪಾಠ.

ನಿಮ್ಮ ಅನುಭವಗಳಿದ್ದರೆ ಎಂದಿನಂತೆ ಪತ್ರ ಬರೆಯಿರಿ. ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ನಿಮ್ಮ ಗಾಡಿ ನಡುದಾರಿಯಲ್ಲಿ ನಿಲ್ಲದಿರಲಿ; ನಿಂತರೂ ಪಕ್ಕದಲ್ಲಿ ಕನ್ನಡ ಮಾತಾಡುವವರು ಒಬ್ಬರಿರಲಿ.